ಏಳಕ್ಕೆ ಏಳು ಸೋತ ಮುಯ್ಯಾಳು ತಂಡ

ಹೋದ ತಿಂಗಳು ನಾನು ಓದಿದ ಕಾಲೇಜಿನಿಂದ ಒಬ್ಬ ಅಧ್ಯಾಪಕರು ಫೋನ್ ಮಾಡಿದ್ದರು. ಸ್ಮರಣ ಸಂಚಿಕೆ ತರುತ್ತಾರಂತೆ. ಹಿಂದಿನ ಕಾಲದ ಕ್ರೀಡಾ ಸಾಧನೆಯ ಬಗ್ಗೆ ಎರಡು ಪುಟ ಬರೆದುಕೊಡಿ, ನೀವು ಫುಟ್‌ಬಾಲ್ ತಂಡದಲ್ಲಿ ಇದ್ದಿರಂತಲ್ಲ, ಎಂದರು. ಇದ್ದೆ, ಗೋಲ್‌ಕೀಪರ್ ಆಗಿದ್ದೆ ಎಂದೆ. "ಎಷ್ಟು ಮ್ಯಾಚ್ ಗೆದ್ದಿದ್ರಿ ಸಾರ್?" ಎಂದು ಉತ್ಸಾಹದಿಂದ ಕೇಳಿದರು. ಒಂದೂ ಇಲ್ಲ, ಏಳು ಆಡಿದೆವು, ಏಳೂ ಸೋತೆವು ಎಂದೆ. ಅವರು ಮೆತ್ತಗೆ, "ಹಾಗಾದ್ರೆ ಬೇರೆ ಯಾವುದಾದ್ರೂ ವಿಷಯ ಬರೀರಿ ಸಾರ್" ಎಂದರು. ನನಗೆ ರೇಗಿತು. ಬರೆದರೆ ಇದನ್ನೇ ಬರೆಯುತ್ತೇನೆ ಎಂದು ಹೇಳಿ ಫೋನ್ ಇಟ್ಟೆ. ಎರಡು ಪುಟದಲ್ಲಿ ಇದು ಮುಗಿಯುವುದಿಲ್ಲ ಅನ್ನುವುದು ಬೇರೆ ಮಾತು.

ಮೊದಲೇ ಒಂದು ಸಂಗತಿ ಸ್ಪಷ್ಟ ಮಾಡಿಬಿಡುತ್ತೇನೆ. ನಾನು ಒಳ್ಳೆಯ ಗೋಲ್‌ಕೀಪರ್. ಎಂಬತ್ತು ದಾಟಿದ ಮೇಲೆ ಸುಳ್ಳು ಹೇಳಿ ನನಗೆ ಆಗಬೇಕಾದ್ದೇನೂ ಇಲ್ಲ. ಬಾಲು ಎಲ್ಲಿಗೆ ಬರುತ್ತದೆ ಅನ್ನುವುದು ಒದೆಯುವವನ ಸೊಂಟ ನೋಡಿದರೆ ನನಗೆ ಗೊತ್ತಾಗುತ್ತಿತ್ತು. ನಮ್ಮ ತಂಡದ ಉಳಿದ ಹತ್ತು ಮಂದಿಯೂ ಕೈಲಾಗದವರಲ್ಲ. ಬರಿಗಾಲಲ್ಲಿ ಗುಡ್ಡ ಹತ್ತಿ ಇಳಿದು ಬೆಳೆದ ಹುಡುಗರು, ಓಟದಲ್ಲಿ ಅವರನ್ನು ಹಿಡಿಯುವವರು ಶಿವಮೊಗ್ಗದ ಕಡೆಯೂ ಇರಲಿಲ್ಲ. ಹಾಗಿದ್ದೂ ಆ ವರ್ಷ ನಾವು ಏಳಕ್ಕೆ ಏಳು ಸೋತೆವು. ಅದಕ್ಕೆ ಕಾರಣ ಇತ್ತು, ಮತ್ತು ಆ ಕಾರಣಕ್ಕೆ ನಾನು ಇವತ್ತಿಗೂ ತಲೆ ತಗ್ಗಿಸುವುದಿಲ್ಲ.

ಅದು ಶರಾವತಿಗೆ ಅಣೆಕಟ್ಟು ಕಟ್ಟಿ, ನೀರು ನಿಂತು ಹೆಚ್ಚು ವರ್ಷ ಆಗಿರದ ಕಾಲ. ನಮ್ಮ ಅಪ್ಪ ಹೊಸನಗರದ ಹತ್ತಿರ ಪ್ರಾಥಮಿಕ ಶಾಲೆಯಲ್ಲಿ ಮೇಷ್ಟ್ರು. ನಮಗೆ ತೋಟವೂ ಇಲ್ಲ, ಗದ್ದೆಯೂ ಇಲ್ಲ. ಶಾಲೆಯ ಪಕ್ಕದ ಬಾಡಿಗೆ ಮನೆ ಮತ್ತು ಹಿತ್ತಲಲ್ಲಿ ನಾಲ್ಕು ಬಸಳೆ ಚಪ್ಪರ. ಓದಲು ಸಾಗರಕ್ಕೆ ಬಂದವನು ಹಾಸ್ಟೆಲಿನಲ್ಲಿದ್ದೆ. ನನ್ನ ಕೋಣೆಯಲ್ಲೇ ಇದ್ದವನು ನಮ್ಮ ತಂಡದ ಕ್ಯಾಪ್ಟನ್. ಅವನ ಮನೆ ಹಿನ್ನೀರಿನ ಆಚೆ, ಬ್ಯಾಕೋಡಿನಿಂದ ಒಳಗೆ. ಬಡಕಲು ದೇಹ, ಉದ್ದ ಕಾಲು, ಮಾತು ಬಹಳ ಕಡಿಮೆ. ಬಾಲು ಕಾಲಿಗೆ ಸಿಕ್ಕಿದರೆ ಮಾತ್ರ ಅವನಿಗೆ ಎಲ್ಲಿಲ್ಲದ ಹುರುಪು ಬರುತ್ತಿತ್ತು. ಇಬ್ಬರೂ ಆಗ ಬಿ.ಎ. ಎರಡನೇ ವರ್ಷ.

ಕಾಲೇಜಿಗೆ ಇದ್ದದ್ದು ಒಂದೇ ಬಾಲು. ಚರ್ಮದ್ದು, ಒಳಗೆ ಬ್ಲ್ಯಾಡರು, ಬಾಯಿಗೆ ಶೂಸಿನ ಹಾಗೆ ಲಾಡಿ. ಸೈಕಲ್ ಪಂಪಿನಲ್ಲಿ ಗಾಳಿ ತುಂಬಿ ಲಾಡಿ ಬಿಗಿಯುವುದೇ ಒಂದು ವಿದ್ಯೆ. ಆ ಲಾಡಿಯ ಗಂಟು ಹಣೆಗೆ ಬಡಿದರೆ ಮೂರು ದಿನ ಬುಗುಟು. ಅದಕ್ಕೇ ನಮ್ಮಲ್ಲಿ ಯಾರೂ ತಲೆಯಲ್ಲಿ ಹೊಡೆಯುತ್ತಿರಲಿಲ್ಲ. ಬಾಲು ಮೇಲಿಂದ ಬಂದರೆ ಎಲ್ಲರೂ ಮರ್ಯಾದೆಯಿಂದ ದಾರಿ ಬಿಟ್ಟು ನಿಲ್ಲುತ್ತಿದ್ದರು. ಗೋಲಿನ ಕಂಬ ಎಂದರೆ ಎರಡು ಅಡಿಕೆ ಮರದ ದಬ್ಬೆ, ಮೇಲೆ ಅಡ್ಡಕ್ಕೆ ಬಿದಿರು. ಬಲೆಯ ಮಾತೇ ಇಲ್ಲ. ಡ್ರಿಲ್ ಮೇಷ್ಟ್ರು ಮೈಸೂರು ಕಡೆಯವರು, ಬಾಯಿಗೆ ಸೀಟಿ ಇಟ್ಟುಕೊಂಡೇ ಹುಟ್ಟಿದವರು. ಫುಟ್‌ಬಾಲಿನ ನಿಯಮಗಳನ್ನು ಪೂರ್ತಿ ತಿಳಿದಿದ್ದವರು ನಮ್ಮಲ್ಲಿ ಅವರೊಬ್ಬರೇ.

ಅಂತರ ಕಾಲೇಜು ಪಂದ್ಯಗಳು ಶುರುವಾಗುತ್ತಿದ್ದದ್ದು ದೀಪಾವಳಿ ಕಳೆದ ಮೇಲೆ. ಮಲೆನಾಡಿನಲ್ಲಿ ಕೊಯ್ಲು ಶುರುವಾಗುವುದೂ ದೀಪಾವಳಿ ಕಳೆದ ಮೇಲೆಯೇ. ಪಂದ್ಯದ ಪಟ್ಟಿ ಮಾಡಿದ ಪುಣ್ಯಾತ್ಮರು ಯಾರೋ ಬಯಲುಸೀಮೆಯವರಿರಬೇಕು. ಭತ್ತದ ಮನೆಯ ಹುಡುಗರಿಗೂ, ಅಡಿಕೆ ಮನೆಯ ಹುಡುಗರಿಗೂ ಒಂದೇ ಸಲ ಮನೆಯಿಂದ ಬುಲಾವು ಬಂತು. ಮೊದಲ ಪಂದ್ಯಕ್ಕೆ ನಾವು ಒಂಬತ್ತು ಜನ ಇಳಿದೆವು. ಎರಡನೆಯದಕ್ಕೆ ಎಂಟು. ಎರಡನೆಯದು ಅಣೆಕಟ್ಟಿನ ಕೆಲಸಕ್ಕೆಂದು ಬಂದು ನೆಲೆ ನಿಂತವರ ತಂಡದ ಜೊತೆ, ಅಭ್ಯಾಸಕ್ಕೆಂದು ಡ್ರಿಲ್ ಮೇಷ್ಟ್ರೇ ಗೊತ್ತುಮಾಡಿದ್ದು. ಅವರಲ್ಲಿ ಅರ್ಧ ಜನ ಮಲಯಾಳಿಗಳು. ಅವರಿಗೆ ಫುಟ್‌ಬಾಲ್ ಅಂದರೆ ನಮಗೆ ಗಂಜಿ ಇದ್ದ ಹಾಗೆ, ದಿನವೂ ಬೇಕು. ಎಂಟು ಜನ ಅವರೆದುರು ನಿಂತು ಎಷ್ಟು ಗೋಲು ತಿಂದೆವೆಂದು ನಾನು ಹೇಳುವುದಿಲ್ಲ. ಹತ್ತರ ಮೇಲೆ ನಾನೇ ಎಣಿಸುವುದನ್ನು ಬಿಟ್ಟೆ.

ಆ ಸಂಜೆ ಹಾಸ್ಟೆಲಿನ ಜಗಲಿಯಲ್ಲಿ ಕೂತು ಡ್ರಿಲ್ ಮೇಷ್ಟ್ರು ಒಂದೇ ಮಾತು ಹೇಳಿದರು. "ನೋಡ್ರಯ್ಯಾ, ಸೋತ್ರೆ ನನಗೇನೂ ಬೇಜಾರಿಲ್ಲ. ಹನ್ನೊಂದು ಜನ ಇಲ್ದೆ ಇನ್ನೊಂದ್ಸಲ ಫೀಲ್ಡಿಗೆ ಇಳಿದ್ರೆ ಬಾಲು ಬೀರೂಗೆ ಹೋಗುತ್ತೆ, ಬೀಗದ ಕೈ ನನ್ನ ಜೇಬಿಗೆ."

ಅವರು ಹೋದ ಮೇಲೆ ಯಾರಿಗೂ ಏನು ಮಾಡುವುದೆಂದು ತೋಚಲಿಲ್ಲ. ಆಗ ಮಾತು ಕಡಿಮೆಯ ನಮ್ಮ ಕ್ಯಾಪ್ಟನ್ ಬಾಯಿ ಬಿಟ್ಟ.

"ಮುಯ್ಯಾಳು ಮಾಡೋಣ," ಎಂದ.

ಮುಯ್ಯಾಳು ಎಂದರೆ ನಮ್ಮ ಕಡೆ ಮಕ್ಕಳಿಗೂ ಗೊತ್ತು. ಇವತ್ತು ನಿಮ್ಮ ಮನೆಯ ಕೆಲಸಕ್ಕೆ ನಾನು ಬರುತ್ತೇನೆ, ನಾಳೆ ನಮ್ಮ ಮನೆಯದಕ್ಕೆ ನೀವು ಬನ್ನಿ. ಕೂಲಿ ಇಲ್ಲ, ಕಾಗದ ಇಲ್ಲ. ಊಟ ಹಾಕುವುದು, ಮುಯ್ಯಿ ತೀರಿಸುವುದು, ಅಷ್ಟೇ. ತೀರಿಸದ ಮನೆಗೆ ಮುಂದಿನ ವರ್ಷ ಯಾರೂ ಹೋಗುವುದಿಲ್ಲ. ಕ್ಯಾಪ್ಟನ್ ಹೇಳಿದ್ದು ಇಷ್ಟು: ಪ್ರತಿ ಪಂದ್ಯದ ಹಿಂದಿನ ದಿನ ಇಡೀ ತಂಡ ಒಬ್ಬೊಬ್ಬರ ಮನೆಗೆ ಹೋಗುವುದು, ಅಲ್ಲಿಯ ಕೆಲಸ ಒಂದೇ ದಿನದಲ್ಲಿ ಮುಗಿಸಿ ಹುಡುಗನನ್ನು ಬಿಡಿಸಿಕೊಂಡು ಬರುವುದು.

"ನಮ್ಮನೇಲಿ ಕೊಯ್ಯೋಕೆ ಬಸಳೆ ಮಾತ್ರ ಇರೋದು," ಎಂದೆ ನಾನು. ಎಲ್ಲರೂ ನಕ್ಕರು. ನನಗೆ ಒಳಗೆ ಚುರುಕ್ ಎಂದಿತು. ನಗದ ಒಬ್ಬನೆಂದರೆ ಕ್ಯಾಪ್ಟನ್.

ಹೀಗೆ ನಮ್ಮದು ಮುಯ್ಯಾಳು ತಂಡವಾಯಿತು. ಹೊಸನಗರದ ಕಡೆಯ ಒಂದು ಮನೆಯಲ್ಲಿ ಭತ್ತ ಕೊಯ್ದೆವು, ಮರುದಿನ ಸೊಂಟ ಎತ್ತಲಾರದೆ ಆಡಿ ಸೋತೆವು. ತೀರ್ಥಹಳ್ಳಿ ರಸ್ತೆಯ ಇನ್ನೊಂದು ಮನೆಯಲ್ಲಿ ಹೊರೆ ಹೊತ್ತೆವು, ಮರುದಿನ ಕತ್ತು ತಿರುಗಿಸಲಾರದೆ ಸೋತೆವು. ಒಂದು ಮನೆಯಲ್ಲಿ ಊಟ ಎಷ್ಟು ಚೆನ್ನಾಗಿತ್ತೆಂದರೆ, ಮರುದಿನದ ಸೋಲಿಗೆ ಕೆಲಸವನ್ನು ದೂರುವುದೋ ಹೋಳಿಗೆಯನ್ನು ದೂರುವುದೋ ತಿಳಿಯದೆ ಹೋಯಿತು. ಡ್ರಿಲ್ ಮೇಷ್ಟ್ರು ತಲೆ ಚಚ್ಚಿಕೊಂಡರು. "ನೀವು ಫುಟ್‌ಬಾಲ್ ಟೀಮೋ, ಕೊಯ್ಲಿನ ಗುಂಪೋ?" ಎಂದು ಕೂಗಾಡಿದರು. ಆದರೆ ಲೆಕ್ಕ ಹಾಕಿಕೊಳ್ಳಲಿ ಯಾರು ಬೇಕಾದರೂ: ಮೂರನೆಯ ಪಂದ್ಯದಿಂದ ಮುಂದಕ್ಕೆ ನಾವು ಹನ್ನೊಂದಕ್ಕೆ ಒಬ್ಬರೂ ಕಡಿಮೆ ಇಳಿದದ್ದಿಲ್ಲ. ಬಾಲು ಬೀರುವಿಗೆ ಹೋಗಲಿಲ್ಲ.

ಆರು ಪಂದ್ಯ ಮುಗಿಯಿತು. ಆರರಲ್ಲೂ ನಮ್ಮದು ಒಂದೂ ಗೋಲಿಲ್ಲ. ಉಳಿದದ್ದು ಕೊನೆಯದು, ನಮ್ಮದೇ ಮೈದಾನದಲ್ಲಿ, ತೀರ್ಥಹಳ್ಳಿಯ ಹುಡುಗರ ಎದುರು. ಅವರೂ ನಮ್ಮ ಹಾಗೆಯೇ, ಅಂಥಾ ಶೂರರೇನಲ್ಲ. ಗೆಲ್ಲಬಹುದಾಗಿದ್ದ ಪಂದ್ಯ ಅದೊಂದೇ. ಅಷ್ಟರಲ್ಲಿ ಕ್ಯಾಪ್ಟನ್‌ಗೆ ಮನೆಯಿಂದ ಕಾಗದ ಬಂತು.

ಅವನು ಅದನ್ನು ಓದಿ ನನ್ನ ಕೈಗೆ ಕೊಟ್ಟ. ಅವನ ತಂದೆ ಬರೆದಿದ್ದರು. ತೋಟದ ಬಹುಭಾಗ ನೀರಿಗೆ ಹೋಗಿದೆ, ಗುಡ್ಡದ ಮಗ್ಗುಲಿನ ತುಂಡು ಉಳಿದಿದೆ. ಅದರ ಅಡಿಕೆ ಕೊನೆ ಹಣ್ಣಾಗಿ ಉದುರುತ್ತಿದೆ. ಕೆಲಸಕ್ಕೆ ಬರುತ್ತಿದ್ದ ಮನೆಗಳೆಲ್ಲ ಮುಳುಗಡೆಯಲ್ಲಿ ಎದ್ದು ಬೇರೆ ಕಡೆ ಹೋಗಿವೆ. ಆಳು ಎಂಬುದು ಇಲ್ಲವೇ ಇಲ್ಲ. ನೀನು ಬಂದುಬಿಡು, ಓದು ಇಲ್ಲಿಗೆ ಸಾಕು.

"ಏನು ಮಾಡ್ತೀಯ?" ಎಂದೆ.

"ಅಪ್ಪಯ್ಯ ಕರೆದ್ರೆ ಹೋಗ್ದೇ ಇರೋಕಾಗ್ತದಾ?" ಎಂದ. ಅವನಿಗೆ ಓದು ಎಷ್ಟು ಬೇಕಿತ್ತು ಎಂಬುದು ನನಗೆ ಗೊತ್ತಿತ್ತು. ಒಂದೇ ಕೋಣೆಯಲ್ಲಿ ಇದ್ದವನಿಗೆ ಅದನ್ನು ಬಾಯಿಬಿಟ್ಟು ಹೇಳಬೇಕಾಗಿಲ್ಲ.

ನಾನು ಆ ಕಾಗದವನ್ನು ತೆಗೆದುಕೊಂಡು ಹೋಗಿ ಉಳಿದ ಒಂಬತ್ತು ಜನಕ್ಕೂ ಓದಿ ಹೇಳಿದೆ. ಶನಿವಾರ ಪಂದ್ಯ. ಬುಧವಾರ ಮಧ್ಯಾಹ್ನದ ಪಾಠ ತಪ್ಪಿಸಿ ಹನ್ನೊಂದು ಮಂದಿಯೂ ಹಿನ್ನೀರಿನ ಈಚೆ ದಡದ ಹೊಳೆಬಾಗಿಲಿಗೆ ಹೋಗಿ ದೋಣಿ ಹತ್ತಿದೆವು. ಈಗ ಅಲ್ಲಿ ದೊಡ್ಡ ಸೇತುವೆ ಆಗಿದೆ, ಕಾರಿನಲ್ಲಿ ಕೂತು ಕಣ್ಣು ಮಿಟುಕಿಸುವುದರಲ್ಲಿ ಆಚೆ ಸೇರುತ್ತಾರೆ. ನಾವು ದಾಟುವಾಗ ನೀರಿನೊಳಗಿಂದ ಒಣಗಿದ ಮರದ ತಲೆಗಳು ಇನ್ನೂ ಎದ್ದು ನಿಂತಿದ್ದವು. ಕ್ಯಾಪ್ಟನ್ ಒಂದು ಕಡೆ ಕೈ ತೋರಿಸಿ, "ಅಲ್ಲಿ ನಮ್ಮ ಶಾಲೆ ಇತ್ತು," ಎಂದ. ಅಲ್ಲಿ ನೀರು ಬಿಟ್ಟು ಏನೂ ಇರಲಿಲ್ಲ.

ಅವನ ತಂದೆ ಜಗಲಿಯಲ್ಲಿ ನಿಂತಿದ್ದರು. ಎತ್ತರದ ಮನುಷ್ಯ, ಮಗನ ಹಾಗೆಯೇ ಬಡಕಲು, ಹೆಗಲ ಮೇಲೆ ಒಂದು ಟವಲು. ಮಗನೊಬ್ಬನೇ ಬರುತ್ತಾನೆಂದು ಕಾದಿದ್ದವರು ಹನ್ನೊಂದು ಜನರನ್ನು ನೋಡಿ ಗಲಿಬಿಲಿಗೊಂಡರು.

"ಎಂತ ಮಾಣಿ ಇದು?" ಎಂದು ಮಗನನ್ನು ಕೇಳಿದರು.

"ಮುಯ್ಯಾಳು, ಅಪ್ಪಯ್ಯ," ಎಂದ ಅವನು.

ಅವರು ನಮ್ಮನ್ನೆಲ್ಲ ಒಂದು ಸುತ್ತು ನೋಡಿದರು. "ಬನ್ನಿ, ಬನ್ನಿ. ಕೈಕಾಲು ತೊಳ್ಕಳಿ," ಎಂದು ಒಳಗೆ ಹೋದರು. ಎಷ್ಟು ಅಕ್ಕಿ ಇದೆ ಎಂದು ಮೆಲ್ಲಗೆ ಕೇಳುತ್ತಿದ್ದದ್ದು ಹೊರಗೆ ನಮಗೂ ಕೇಳಿಸಿತು.

ಗುರುವಾರ ಬೆಳಿಗ್ಗೆ ಕೆಲಸ ಹಿಡಿದೆವು. ಮರ ಹತ್ತಿ ಕೊನೆ, ಅಂದರೆ ಅಡಿಕೆಯ ಗೊಂಚಲು, ಕೊಯ್ಯುವವನು ಒಬ್ಬನೇ ಸಿಕ್ಕಿದ್ದ, ಎಲ್ಲಿಂದಲೋ ಬೇಡಿಕೊಂಡು ಕರೆಸಿದ್ದ ವಯಸ್ಸಾದ ಕೊನೆಗಾರ. ಅವನು ಒಂದು ಮರದ ತುದಿಯಿಂದ ಇನ್ನೊಂದಕ್ಕೆ ಹಾಗೇ ದಾಟಿಕೊಂಡು ಹೋಗುತ್ತಾನೆ, ಕೊಯ್ದ ಕೊನೆಯನ್ನು ಹಗ್ಗದಲ್ಲಿ ಕೆಳಕ್ಕೆ ಜಾರಿಸುತ್ತಾನೆ. ಕೆಳಗೆ ನಿಂತವನು ಅದನ್ನು ಹಿಡಿಯಬೇಕು. ನೆಲಕ್ಕೆ ಬಿದ್ದರೆ ಅಡಿಕೆ ಚೆಲ್ಲಾಪಿಲ್ಲಿ, ಸೊಪ್ಪಿನ ಮಧ್ಯೆ ಒಂದೊಂದೇ ಹೆಕ್ಕುವುದರಲ್ಲಿ ಹೊತ್ತು ಮುಳುಗುತ್ತದೆ. ಹಿಡಿಯಲು ಯಾರು ಎಂದು ಕೇಳಿದಾಗ ಹತ್ತು ಬೆರಳು ನನ್ನ ಕಡೆ ತಿರುಗಿದವು. ಗೋಲ್‌ಕೀಪರ್ ತಾನೇ!

ಮೊದಲ ಕೊನೆ ಎದೆಗೆ ಬಡಿದು ನನ್ನನ್ನು ಕೆಡವಿತು. ಎರಡನೆಯದನ್ನು ಹಿಡಿದು ಅಪ್ಪಿಕೊಂಡು, ಎಲ್ಲರೂ ನೋಡಲಿ ಎಂದು ನಿಂತೆ. ಅಷ್ಟರಲ್ಲಿ ಮೂರನೆಯದು ನೆತ್ತಿಯ ಮೇಲೆ ಬಂತು. ಮೇಲಿಂದ ಕೊನೆಗಾರ ಬೈದ. "ಅಪ್ಕಂಡ್ ನಿಂತ್ಕಂಡ್ರೆ ಆಗ್ತದೇನಾ? ಹಿಡಿ, ತಿರುಗು, ಹಿಂದಕ್ ಮೆತ್ತಗ್ ಇಡು, ಮ್ಯಾಲ್ ನೋಡು!" ಅವನು ಆ ನಾಲ್ಕು ಮಾತನ್ನು ಹಾಡಿನ ಹಾಗೆ ಹೇಳುತ್ತಲೇ ಇದ್ದ. ಹಿಡಿ, ತಿರುಗು, ಹಿಂದಕ್ಕೆ ಮೆತ್ತಗೆ ಇಡು, ಮೇಲೆ ನೋಡು. ಮಧ್ಯಾಹ್ನದ ಹೊತ್ತಿಗೆ ನನಗೆ ಹದ ಸಿಕ್ಕಿತು. ಸಂಜೆಗೆ ಒಂದು ಅಡಿಕೆಯೂ ಉದುರುತ್ತಿರಲಿಲ್ಲ. ಶುಕ್ರವಾರ ಕೊನೆಗಾರನೇ ಮರದಿಂದ ಇಳಿದು, "ಮೇಷ್ಟ್ರ ಮಗ ಅಂದ್ರಲ್ಲಾ, ಸುಳ್ಳು. ಇವ್ನು ತೋಟದಾಗೇ ಹುಟ್ಟಿದಾನೆ," ಎಂದ. ಜೀವನದಲ್ಲಿ ನನಗೆ ಶಾಲು ಹೊದಿಸಿದ್ದಾರೆ, ಹಾರ ಹಾಕಿದ್ದಾರೆ. ಆ ಹೊಗಳಿಕೆಯಷ್ಟು ಖುಷಿ ಯಾವುದೂ ಕೊಡಲಿಲ್ಲ.

ಉಳಿದವರು ಹೊತ್ತರು, ಸುಲಿದರು, ಬೇಯಿಸುವ ಹಂಡೆಗೆ ಕಟ್ಟಿಗೆ ಒಟ್ಟಿದರು. ಶುಕ್ರವಾರ ಸಂಜೆಗೆ ಕೊಯ್ಲು ಮುಗಿಯಿತು. ಹನ್ನೊಂದು ಜನರ ಕೈಯೂ ಅಡಿಕೆಯ ಚೊಗರು ರಸಕ್ಕೆ ಕಪ್ಪಾಗಿತ್ತು. ಗೆದ್ದೆವು ಎಂದುಕೊಂಡೆವು. ಕ್ಯಾಪ್ಟನ್ ಉಳಿದ ಎಂದುಕೊಂಡೆವು.

ಶನಿವಾರ ಬೆಳಿಗ್ಗೆ ನೋಡಿದರೆ ಅವನ ತಂದೆ ಒಗೆದ ಪಂಚೆ, ಕಪ್ಪು ಕೋಟು ಹಾಕಿಕೊಂಡು ಹೊರಟು ನಿಂತಿದ್ದಾರೆ. ಕೋಟಿನ ಜೇಬಿನಲ್ಲಿ ಪ್ರಿನ್ಸಿಪಾಲರಿಗೆ ಬರೆದ ಕಾಗದ. ಮಗನ ಹೆಸರು ತೆಗೆಸಿ, ಹಾಸ್ಟೆಲಿನಿಂದ ಟ್ರಂಕು ತೆಗೆದುಕೊಂಡು, ಪಂದ್ಯ ಮುಗಿದ ಕೂಡಲೇ ಅವನನ್ನು ಕರೆದುಕೊಂಡು ಬರುವುದಂತೆ. ದೋಣಿ ಹತ್ತಿದ ಮೇಲೆ ಕ್ಯಾಪ್ಟನ್ ಅದರ ತುದಿಯಲ್ಲಿ ನೀರು ನೋಡುತ್ತಾ ಕೂತ. ನನಗೆ ಸಿಟ್ಟು ನೆತ್ತಿಗೇರಿತು. ಹಿರಿಯರು ಎಂಬುದನ್ನೂ ಮರೆತು ಕೇಳಿಯೇಬಿಟ್ಟೆ.

"ಕೊಯ್ಲು ಮುಗೀತಲ್ಲ, ಮತ್ಯಾಕೆ ಕರ್ಕೊಂಡು ಹೋಗ್ತೀರಿ?"

"ಇದು ಒಂದು ಕೊಯ್ಲು," ಎಂದರು ಅವರು. ಸಿಟ್ಟು ಮಾಡಿಕೊಳ್ಳಲಿಲ್ಲ. "ಸಂಕ್ರಾಂತಿ ಕಳೆದು ಇನ್ನೊಂದಿದೆ. ಬರೋ ವರ್ಷ ಮತ್ತೆ ಇದೆ."

"ನಾವು ಮತ್ತೆ ಬರ್ತೀವಿ."

"ಬರ್ತೀರಿ, ನಂಗೊತ್ತು. ಒಳ್ಳೆ ಮಕ್ಳು ನೀವು. ಆದ್ರೆ ನಿಮ್ಮನೆಗಳಿಗೆ ಮುಯ್ಯಿ ತೀರಿಸೋಕೆ ನಮ್ಮನೇಲಿ ಯಾರಿದ್ದಾರೆ? ಇವನೊಬ್ಬ ಎಷ್ಟು ಮನೆಗೆ ಹೋಗ್ತಾನೆ? ಪುಕ್ಕಟೆ ದುಡಿಸ್ಕೊಳ್ಳೋ ಮನೆ ಅಲ್ಲ ನಮ್ದು." ಸ್ವಲ್ಪ ತಡೆದು ನನ್ನ ಮುಖ ನೋಡಿದರು. "ನಿಂಗಂತೂ ತೋಟಾನೂ ಇಲ್ಲ, ಗದ್ದೇನೂ ಇಲ್ಲ. ಎರಡು ದಿನ ನನ್ನ ಮರದ ಬುಡದಲ್ಲಿ ನಿಂತ್ಯಲ್ಲ, ಅದನ್ನ ನಾನು ಎಲ್ಲಿ ತೀರಿಸ್ಲಿ, ಹೇಳು?"

ನಾನು ಎದ್ದು ಹೋಗಿ ಕ್ಯಾಪ್ಟನ್ ಪಕ್ಕದಲ್ಲಿ ಕೂತೆ.

ಸಾಗರ ಸೇರಿದ ಮೇಲೆ ಅವರು ಕಾಲೇಜಿನ ಕಚೇರಿಗೆ ಹೋದರು. ಪ್ರಿನ್ಸಿಪಾಲರು ಇರಲಿಲ್ಲ. ಸಂಜೆ ಪಂದ್ಯ ನೋಡೋಕೆ ಮೈದಾನಕ್ಕೆ ಬರ್ತಾರೆ, ಅಲ್ಲೇ ಕೊಡಿ ಎಂದನಂತೆ ಗುಮಾಸ್ತ. ಹಾಗಾಗಿ ನಾವು ಮೈದಾನಕ್ಕೆ ಇಳಿದಾಗ, ನನ್ನ ಗೋಲಿನ ಪಕ್ಕದಲ್ಲೇ, ಗೆರೆಯ ಆಚೆ, ಅವರು ನಿಂತಿದ್ದರು. ಕಾಲ ಬುಡದಲ್ಲಿ ಮಗನ ಟ್ರಂಕು. ಫುಟ್‌ಬಾಲ್ ಎಂಬುದನ್ನು ಅವರು ನೋಡುತ್ತಿದ್ದದ್ದು ಅದೇ ಮೊದಲು.

ಕ್ಯಾಪ್ಟನ್ ಆ ದಿನ ಆಡಿದ ಆಟವನ್ನು ಮತ್ತೆ ನಾನು ಯಾವ ಮೈದಾನದಲ್ಲೂ ಕಾಣಲಿಲ್ಲ. ಇನ್ನು ಆಡುವುದೇ ಇಲ್ಲ ಎಂದು ಗೊತ್ತಿದ್ದವನ ಆಟ ಅದು. ಎಲ್ಲ ಕಡೆಯೂ ಅವನೇ. ಅರ್ಧ ಹೊತ್ತು ಕಳೆಯುವ ಮೊದಲೇ ಮೂವರನ್ನು ದಾಟಿಕೊಂಡು ಹೋಗಿ ಗೋಲು ಹೊಡೆದ. ಇಡೀ ವರ್ಷದಲ್ಲಿ ನಮ್ಮ ಮೊದಲ ಗೋಲು. ಡ್ರಿಲ್ ಮೇಷ್ಟ್ರು ಸೀಟಿಯನ್ನು ನುಂಗುವುದೊಂದು ಬಾಕಿ. ನಾವು ಕುಣಿದೆವು. ಹೊಡೆದವನು ಮಾತ್ರ ಕುಣಿಯಲಿಲ್ಲ. ತಿರುಗಿ ತಂದೆ ನಿಂತ ಕಡೆ ಒಂದು ಸಲ ನೋಡಿ, ಮತ್ತೆ ಓಡಿದ.

ಒಂದಕ್ಕೆ ಸೊನ್ನೆ. ಕೈಬೆರಳೆಲ್ಲ ಊದಿಕೊಂಡಿದ್ದರೂ ನಾನು ಬಂದದ್ದನ್ನೆಲ್ಲ ತಡೆದೆ, ಕಾಲಲ್ಲಿ ತಡೆದೆ, ಮೈಯಲ್ಲಿ ತಡೆದೆ. ಆಟ ಮುಗಿಯಲು ಹತ್ತು ನಿಮಿಷ ಇರಬಹುದು. ತೀರ್ಥಹಳ್ಳಿಯವನೊಬ್ಬ ದೂರದಿಂದ ಬಾಲನ್ನು ಎತ್ತರಕ್ಕೆ ಒದ್ದ. ಅದರಲ್ಲಿ ಜೋರಿರಲಿಲ್ಲ. ಆಕಾಶಕ್ಕೆ ಹೋದದ್ದು ನೆಟ್ಟಗೆ ನನ್ನ ತಲೆಯ ಮೇಲೆ ಇಳಿಯತೊಡಗಿತು. ಕಣ್ಣು ಮುಚ್ಚಿ ಹಿಡಿಯಬಹುದಾದ ಬಾಲು. ಗೆರೆಯ ಮೇಲೆ ನಿಂತಿದ್ದೆ. ಕತ್ತೆತ್ತಿ ನೋಡಿದೆ.

ಹಿಡಿದೆ. ತಿರುಗಿದೆ. ಹಿಂದಕ್ಕೆ ಮೆತ್ತಗೆ ಇಟ್ಟೆ. ಮೇಲೆ ನೋಡಿದೆ.

ಮುಂದಿನ ಕೊನೆ ಬರಲಿಲ್ಲ. ರೆಫರಿಯ ಸೀಟಿ ಬಂತು. ಮೈದಾನದಲ್ಲಿ ಒಂದು ಗಳಿಗೆ ಯಾರಿಗೂ ಏನಾಯಿತೆಂದು ಅರ್ಥವಾಗಲಿಲ್ಲ, ನನಗಂತೂ ಆಗಲೇ ಇಲ್ಲ. ಬಾಲು ಗೋಲಿನ ಗೆರೆಯ ಆಚೆ, ಹುಲ್ಲಿನ ಮೇಲೆ, ಮಗುವನ್ನು ಮಲಗಿಸಿದ ಹಾಗೆ ಕೂತಿತ್ತು. ಆಮೇಲೆ ನಗು ಶುರುವಾಯಿತು. ತೀರ್ಥಹಳ್ಳಿಯವರು ನಕ್ಕರು, ನಮ್ಮ ಕಾಲೇಜಿನವರು ನಕ್ಕರು, ರೆಫರಿ ಮುಖ ತಿರುಗಿಸಿಕೊಂಡು ನಕ್ಕ. ಆ ನಗು ನಿಲ್ಲುವ ಮೊದಲೇ ಆಟ ಮತ್ತೆ ಶುರುವಾಯಿತು. ಅದರ ಹಿಂದೆಯೇ ಬಂದ ಇನ್ನೊಂದು ಬಾಲು ನನ್ನ ಮಂಡಿಯ ಪಕ್ಕದಲ್ಲೇ ಹೋಯಿತು, ಕಂಡೂ ತಡೆಯಲಾಗಲಿಲ್ಲ. ಎರಡಕ್ಕೆ ಒಂದು. ಏಳಕ್ಕೆ ಏಳು.

ಆಟ ಮುಗಿದ ಮೇಲೆ ನಾನು ಅಲ್ಲೇ ಕಂಬಕ್ಕೆ ಒರಗಿ ಕೂತು ಅತ್ತೆ. ಇದನ್ನು ಬರೆಯಲು ನನಗೆ ನಾಚಿಕೆ ಇಲ್ಲ. ಅವನ ಕೊನೆಯ ಆಟ, ಗೆದ್ದ ಆಟ, ನಾನು ಕೈಯಾರೆ ಹಿಂದಕ್ಕೆ ಇಟ್ಟುಬಿಟ್ಟಿದ್ದೆ. ಕ್ಯಾಪ್ಟನ್ ಬಂದು ಪಕ್ಕದಲ್ಲಿ ಕೂತ. "ಬಿಡು ಮಾರಾಯ," ಎಂದ.

ಅವನ ತಂದೆ ಗೆರೆ ದಾಟಿ ಬಂದರು. ಅವರ ಮುಖದಲ್ಲಿ ನಗು ಇರಲಿಲ್ಲ, ಕೋಪ ಇತ್ತು. "ಇವರೆಲ್ಲ ಯಾಕೆ ನಗ್ತಾರೆ?" ಎಂದು ಮಗನನ್ನು ಕೇಳಿದರು. "ಅವನು ಸರಿಯಾಗೇ ಇಟ್ಟನಲ್ಲ. ಒಂದು ಅಡಿಕೆ ಉದುರದ ಹಾಗೆ ಇಟ್ಟ."

ಕ್ಯಾಪ್ಟನ್ ಮೆಲ್ಲಗೆ ವಿವರಿಸಿದ. ಗೆರೆ ದಾಟಿಸಿ ಇಟ್ಟರೆ ಅದು ಎದುರಿನವರ ಗೋಲು. ಹಾಗೆ ಇಡದೆ ಇದ್ದಿದ್ದರೆ ನಾವು ಗೆಲ್ಲುತ್ತಿದ್ದೆವು. ಅವರು ಕೇಳಿಸಿಕೊಂಡರು. ಬಗ್ಗಿ ನನ್ನ ಎರಡೂ ಕೈ ಹಿಡಿದು ಮಗುಚಿ ನೋಡಿದರು. ಊದಿದ ಬೆರಳು, ತರಚಿದ ಅಂಗೈ, ಹೋಗದ ಚೊಗರು. ತುಂಬಾ ಹೊತ್ತು ಕೈ ಬಿಡಲಿಲ್ಲ.

"ಬೆಳಿಗ್ಗೆ ದೋಣೀಲಿ ನಿನ್ನ ಕೇಳಿದ್ದೆ, ಇದನ್ನ ಎಲ್ಲಿ ತೀರಿಸ್ಲಿ ಅಂತ," ಎಂದರು. "ಈಗ ಅದು ಇನ್ನೂ ದೊಡ್ಡದಾಯ್ತು. ನನ್ನ ತೋಟದ ಕೆಲ್ಸ ನಿನ್ನ ಕೈಯಲ್ಲಿ ಕೂತು ನಿನ್ನ ಆಟ ಕೆಡಿಸ್ತು. ಇದಕ್ಕೆ ಕೊಡೋಕೆ ನಮ್ಮನೇಲಿ ಇರೋದು ಒಂದೇ ಆಳು." ಮಗನ ಕಡೆ ತಲೆ ಆಡಿಸಿದರು. "ಇವನ್ನ ಬಿಟ್ಟು ಹೋಗ್ತೀನಿ. ನಿಮ್ಮ ಜೊತೆಗೇ ಇರ್ಲಿ. ಸಂಕ್ರಾಂತಿ ಕಳೆದ ಮೇಲೆ ಬಂದ್ರೆ ಬನ್ನಿ. ಬರ್ದಿದ್ರೂ ನಾನು ಹೇಗೋ ನೋಡ್ಕಳ್ತೀನಿ."

ಅಷ್ಟರಲ್ಲಿ ಪ್ರಿನ್ಸಿಪಾಲರು ಆ ಕಡೆಯಿಂದ ಬಂದರು. ಗುಮಾಸ್ತ ಹೇಳಿದ್ದನೆಂದು ಕಾಣುತ್ತದೆ. "ಏನೋ ಕಾಗದ ಕೊಡೋದಿತ್ತಂತಲ್ಲ?" ಎಂದು ವಿಚಾರಿಸಿದರು. ಕ್ಯಾಪ್ಟನ್ ತಂದೆ ಕೋಟಿನ ಜೇಬಿನ ಮೇಲೆ ಕೈ ಇಟ್ಟುಕೊಂಡು ನಿಂತರು.

"ಇಲ್ಲ ಸ್ವಾಮಿ. ಮಗನ ಆಟ ನೋಡೋಕೆ ಬಂದಿದ್ದೆ," ಎಂದರು.

ಪ್ರಿನ್ಸಿಪಾಲರು ಹೋದರು. ಕ್ಯಾಪ್ಟನ್ ತಂದೆಗೆ ಬಸ್ಸಿಗೆ ಹೊತ್ತಾಗಿತ್ತು. ಟವಲನ್ನು ಹೆಗಲಿಗೆ ಸರಿ ಮಾಡಿಕೊಂಡು ನಾಲ್ಕು ಹೆಜ್ಜೆ ಹೋದವರು ನಿಂತು, ತಿರುಗಿ ಮಗನನ್ನು ಕೇಳಿದರು.

"ಮುಂದಿನ ಆಟ ಯಾವತ್ತು?"

ನಮ್ಮ ಪಂದ್ಯಗಳೆಲ್ಲ ಮುಗಿದಿದ್ದವು. ಕ್ಯಾಪ್ಟನ್ ಬಗ್ಗಿ ತನ್ನ ಟ್ರಂಕನ್ನು ಎತ್ತಿಕೊಂಡ.

"ಬರೋ ವರ್ಷ, ಅಪ್ಪಯ್ಯ," ಎಂದ.